ಡೇ ಕೇರ್‌ಗೆ ಮಗು ಬಿಡೋ ಮುಂಚೆ ಇವಿಷ್ಟು ನೋಡ್ಕೊಳ್ಳಿ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆ ಬೆಂಕಿ ಸೋಗೆ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. 2009ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಅಗ್ನಿ ಸುರಕ್ಷತೆ ಕಡ್ಡಾಯ ಮಾಡಿತು. ಡೇ ಕೇರ್‌ಗೂ ಪಾಠ ಅದೇ.

ಪರವಾನಗಿ: ಪತ್ರ ತೋರಿಸಿ ಅನ್ನಿ. ಅವಧಿ, ವಿಳಾಸ ಓದಿ.

ಬೆಂಕಿ: ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿರಬೇಕು. ಗ್ಯಾಸ್ ಒಲೆ ಮಕ್ಕಳು ಮಲಗುವ ಕೋಣೆಯಿಂದ ದೂರವಿರಬೇಕು.

ದಾರಿ: ಎರಡನೇ ಬಾಗಿಲ ಮುಂದೆ ಸಾಮಾನು ಒಟ್ಟಿರಬಾರದು.

ನೀರು: ಸಂಪಿನ ಮುಚ್ಚಳ ಭದ್ರವಾಗಿರಲಿ.

ಮಾಲೀಕರಿಗೆ: 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಸೌಲಭ್ಯ ಕಡ್ಡಾಯ. ತಾಯಿ ದಿನಕ್ಕೆ 4 ಸಲ ಹೋಗಿ ಮಗು ನೋಡಬಹುದು.

ತೊಂದರೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಒಳಗೆ ಬಂದು ನೋಡೋಕೇ ಬಿಡಲ್ಲ ಅಂದ್ರೆ, ಮಗೂನ ಅಲ್ಲಿ ಬಿಡಬೇಡಿ.