ಆರಡಿ ಐದಿಂಚು

1986ರ ಜನವರಿ 24. ಜಪಾನಿನ ಮಾತ್ಸುಯೆ ಅನ್ನೋ ಊರಲ್ಲಿ ವಾಲಿಬಾಲ್ ಪಂದ್ಯ ನಡೀತಿತ್ತು. ಬದಲಿ ಆಟಗಾರ್ತಿಗೆ ಜಾಗ ಬಿಟ್ಟು ಬೆಂಚಿಗೆ ಬಂದ ಅಮೆರಿಕದ ಫ್ಲೋ ಹೈಮನ್ ಕೂತಲ್ಲೇ ಕುಸಿದುಬಿದ್ದಳು. ವಯಸ್ಸು 31. ಎರಡು ವರ್ಷದ ಹಿಂದಷ್ಟೇ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ತಾರೆ ಆಕೆ. ಹಾರ್ಟ್ ಅಟ್ಯಾಕ್ ಅಂತ ಸುದ್ದಿಯಾಯ್ತು.

ಕ್ಯಾಲಿಫೋರ್ನಿಯಾದಲ್ಲಿ ಶವಪರೀಕ್ಷೆ ಮಾಡಿದರೆ, ಹೃದಯ ಚೆನ್ನಾಗೇ ಇತ್ತು. ಹರಿದಿದ್ದು ಹೃದಯದಿಂದ ಹೊರಡುವ ಮಹಾಪಧಮನಿ. ಅದೇ ಜಾಗದಲ್ಲಿ ಕೆಲವು ವಾರಗಳ ಹಿಂದೆ ಒಮ್ಮೆ ಬಿರುಕು ಬಿಟ್ಟು, ವಾಸಿಯಾಗತೊಡಗಿದ್ದ ಗುರುತೂ ಸಿಕ್ಕಿತು. ಅಂದರೆ ಆ ಬಿರುಕು ಇಟ್ಟುಕೊಂಡೇ ಆಕೆ ಆಡಿದ್ದಳು! ಕಾರಣ ಮಾರ್ಫಾನ್ ಸಿಂಡ್ರೋಮ್. ಇದು ವಂಶವಾಹಿಯ ದೋಷ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ದೇಹವನ್ನು ಹಿಡಿದಿಡುವ ಅಂಗಾಂಶವೇ ಸಡಿಲ. ಕೈಕಾಲು, ಬೆರಳು ಉದ್ದುದ್ದ ಬೆಳೆಯುತ್ತವೆ. ಒಳಗೆ ಮಹಾಪಧಮನಿ ಸದ್ದಿಲ್ಲದೆ ಹಿಗ್ಗುತ್ತಾ ಹೋಗುತ್ತದೆ. ಒಂದು ದಿನ ಒಳಪದರ ಸೀಳಿ, ರಕ್ತ ಪದರಗಳ ನಡುವೆ ನುಗ್ಗುತ್ತದೆ.

ನನ್ನನ್ನು ಕಾಡೋದು ಇಲ್ಲಿನ ಇಸವಿಗಳು. ಪ್ಯಾರಿಸ್‌ನ ಮಕ್ಕಳ ವೈದ್ಯ ಆಂತ್ವಾನ್ ಮಾರ್ಫಾನ್, ಉದ್ದ ಬೆರಳಿನ ಐದೂವರೆ ವರ್ಷದ ಹುಡುಗಿಯೊಬ್ಬಳ ಬಗ್ಗೆ ಬರೆದದ್ದು 1896ರಲ್ಲಿ. ಆತ ನೋಡಿದ್ದು ಮೂಳೆಗಳನ್ನು ಮಾತ್ರ. (ಆ ಹುಡುಗಿಗೆ ಇದ್ದದ್ದು ಬಹುಶಃ ಬೇರೆಯೇ ಕಾಯಿಲೆ ಅಂತ ಆಮೇಲಿನ ವೈದ್ಯರು ಹೇಳ್ತಾರೆ. ಹೆಸರು ಮಾತ್ರ ಅಂಟಿಕೊಂಡಿತು.) ಮಹಾಪಧಮನಿಗೂ ಇದಕ್ಕೂ ನಂಟಿದೆ ಅಂತ ವೈದ್ಯರು ಬರೆಯೋ ಹೊತ್ತಿಗೆ 1943. ಹಿಗ್ಗಿದ ಭಾಗವನ್ನು ಕವಾಟದ ಸಮೇತ ತೆಗೆದು ಕೃತಕ ಕೊಳವೆ ಕೂರಿಸುವ ಶಸ್ತ್ರಚಿಕಿತ್ಸೆಯ ವರದಿಯನ್ನು ಬೆಂಟಾಲ್ ಮತ್ತು ಡಿ ಬೋನೋ ಲಂಡನ್‌ನಿಂದ ಪ್ರಕಟಿಸಿದ್ದು 1968ರಲ್ಲಿ. ಎಕೋ ಸ್ಕ್ಯಾನ್ ಕೂಡ ಬಂದಾಗಿತ್ತು. ಅಂದರೆ 1986ಕ್ಕೆ ಎಲ್ಲವೂ ಇತ್ತು. ಫೈಬ್ರಿಲಿನ್ ಎಂಬ ಪ್ರೋಟೀನನ್ನು ಗುರುತಿಸಿದ್ದೂ ಅದೇ ವರ್ಷ. ಅದರ ಜೀನ್‌ನಲ್ಲೇ ದೋಷ ಅಂತ ಖಚಿತವಾಗಿದ್ದು 1991ರಲ್ಲಿ.

ಎತ್ತರ ಇದ್ದವರಿಗೆಲ್ಲ ಈ ಕಾಯಿಲೆ ಇರಲ್ಲ, ನಿಜ. ಆದರೆ ಆರಡಿ ಐದಿಂಚಿನ ಆ ಮೈಕಟ್ಟನ್ನು ಕೋಚ್‌ಗಳು, ಪತ್ರಕರ್ತರು, ಎದುರಾಳಿಗಳು ವರ್ಷಗಟ್ಟಲೆ ನೋಡಿದ್ದರು. ನೋಡಿದವರಿಗೆಲ್ಲ ಕಂಡಿದ್ದು ಸ್ಮ್ಯಾಶ್ ಒಂದೇ.

ಆಕೆ ಸತ್ತ ಮೇಲೆ ಸಹೋದರನನ್ನು ಪರೀಕ್ಷೆ ಮಾಡಿಸಿದರು. ಆತನಿಗೂ ಮಾರ್ಫಾನ್ ಇತ್ತು. ಮಹಾಪಧಮನಿಗೆ ಆಪರೇಷನ್ ಮಾಡಿದರು, ಬದುಕಿದ.