ಹಳೆಯ ಸೇನಾಕೋವಿಯ ಗುರಿಪರೀಕ್ಷೆ: 1853ರ ಎನ್‌ಫೀಲ್ಡ್ ರೈಫಲ್ ನುಡಿಯುವ ಸಾಕ್ಷ್ಯ

ಇತಿಹಾಸದ ಆಧಾರಸಾಮಗ್ರಿಗಳಲ್ಲಿ ಶಾಸನ, ನಾಣ್ಯ, ಕಡತಗಳಿಗೆ ಸಲ್ಲುವ ಗೌರವ ಆಯುಧಗಳಿಗೆ ಸಲ್ಲುವುದು ಅಪೂರ್ವ. ವಸ್ತುಸಂಗ್ರಹಾಲಯದ ಗೋಡೆಯ ಮೇಲಿರುವ ಹಳೆಯ ಕೋವಿಯನ್ನು ಕಂಡು ಮುಂದೆ ಸಾಗುತ್ತೇವೆಯೇ ಹೊರತು ಅದನ್ನು ಸಾಕ್ಷಿಯಂತೆ ನಿಲ್ಲಿಸಿ ಪ್ರಶ್ನಿಸುವುದಿಲ್ಲ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇಷ್ಟೆ: ಸೇನೆಯು ಬಳಸಿ ಕೈಬಿಟ್ಟ ರೈಫಲೊಂದರ ನಿಖರತೆಯನ್ನು ಪರೀಕ್ಷಿಸುವುದರಿಂದ ಇತಿಹಾಸಕ್ಕೆ ಏನು ದೊರೆಯುತ್ತದೆ? ನಮ್ಮ ದೇಶದ ಚರಿತ್ರೆಯೊಡನೆ ಬಿಡಿಸಲಾಗದ ನಂಟುಳ್ಳ 1853ರ ಮಾದರಿಯ ಎನ್‌ಫೀಲ್ಡ್ ರೈಫಲನ್ನೇ ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ.

ಮೊದಲು ನಿಖರತೆಯೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಗುಂಡು ಗುರಿಯ ನಡುವನ್ನು ತಾಗಿದ ಮಾತ್ರಕ್ಕೆ ಕೋವಿ ನಿಖರವೆನ್ನಲಾಗದು, ಅದು ಆಕಸ್ಮಿಕವಿರಬಹುದು. ಒಂದೇ ಬಗೆಯಲ್ಲಿ ಹಲವು ಗುಂಡುಗಳನ್ನು ಹಾರಿಸಿ, ಅವುಗಳ ಸರಾಸರಿ ಕೇಂದ್ರವನ್ನು ಗುರುತಿಸಿ, ಆ ಕೇಂದ್ರದಿಂದ ಒಂದೊಂದು ಗುಂಡೂ ಎಷ್ಟು ದೂರ ಬಿದ್ದಿದೆಯೆಂದು ಅಳೆದು ಸರಾಸರಿ ತೆಗೆಯಬೇಕು. ಗುಂಡುಗಳೆಲ್ಲ ಒತ್ತೊತ್ತಾಗಿ ಒಂದೆಡೆ ಬಿದ್ದು ಆ ಗುಂಪು ಮಾತ್ರ ಗುರಿಯಿಂದ ಸರಿದಿದ್ದರೆ ದೋಷ ಬಹುಮಟ್ಟಿಗೆ ನೋಟಪಟ್ಟಿಯದು ಅಥವಾ ಗುರಿಯಿಡುವವನದು. ಗುಂಡುಗಳು ಚದರಿ ಬಿದ್ದಿದ್ದರೆ ನಳಿಗೆ, ಮದ್ದು, ಗುಂಡು, ಕೈ ಇವುಗಳಲ್ಲಿ ಯಾವುದೋ ಒಂದರಲ್ಲಿ ಅಸ್ಥಿರತೆಯಿದೆ. ಕೈಯ ಪಾತ್ರವನ್ನು ಬೇರ್ಪಡಿಸಲು ಕೋವಿಯನ್ನು ಯಾಂತ್ರಿಕ ಆಧಾರಕ್ಕೆ ಬಿಗಿದು ಹಾರಿಸುವ ಪದ್ಧತಿಯುಂಟು. 1860ರ ಜುಲೈ 2ರಂದು ವಿಂಬಲ್ಡನ್ನಿನಲ್ಲಿ ಹೀಗೆ ಬಿಗಿದಿದ್ದ ವಿಟ್‌ವರ್ತ್ ರೈಫಲಿನ ಹಗ್ಗವನ್ನು ವಿಕ್ಟೋರಿಯಾ ರಾಣಿ ಎಳೆದಾಗ, 400 ಗಜ ದೂರದ ಗುರಿಯ ಕೇಂದ್ರದಿಂದ ಕೇವಲ ಒಂದೂಕಾಲು ಅಂಗುಲದಲ್ಲಿ ಗುಂಡು ತಾಗಿತು. ಇದು ಯಂತ್ರದ ಸಾಮರ್ಥ್ಯ. ರಣಭೂಮಿಯ ಸೈನಿಕನ ಸಾಮರ್ಥ್ಯವಲ್ಲ.

ಎನ್‌ಫೀಲ್ಡಿಗಿಂತ ಹಿಂದಿನ ನುಣುಪು ನಳಿಗೆಯ ಮಸ್ಕೆಟ್ಟಿನ ಒಳವ್ಯಾಸ ಸುಮಾರು 0.75 ಅಂಗುಲ, ಅದರ ಗುಂಡಿನದು ಸುಮಾರು 0.69. ಅಂದರೆ 0.06 ಅಂಗುಲದಷ್ಟು ಎಡೆ ಉಳಿಯುತ್ತಿತ್ತು. ಬೇಗ ಈಡು ತುಂಬಲು ಇದು ಅನುಕೂಲ. ಆದರೆ ಗುಂಡು ನಳಿಗೆಯ ಗೋಡೆಗಳಿಗೆ ತಾಕಾಡುತ್ತ ಹೊರಬೀಳುವುದರಿಂದ ಅದರ ದಿಕ್ಕು ಅನಿಶ್ಚಿತ. ಎನ್‌ಫೀಲ್ಡಿನಲ್ಲಾದರೋ ಒಳವ್ಯಾಸ 0.577, ಮೊದಲ ಗುಂಡಿನ ವ್ಯಾಸ 0.568, ಎಡೆ ಕೇವಲ 0.009 ಅಂಗುಲ. ನಳಿಗೆಯೊಳಗೆ 78 ಅಂಗುಲಕ್ಕೆ ಒಂದು ಸುತ್ತಿನಂತೆ ಮೂರು ಸುರುಳಿಗೆರೆಗಳಿದ್ದವು. ಮದ್ದು ಸಿಡಿದಾಗ ಟೊಳ್ಳುಬುಡದ ಸೀಸದ ಗುಂಡು ಹಿಗ್ಗಿ ಈ ಗೆರೆಗಳನ್ನು ಕಚ್ಚಿ, ತಿರುಗುತ್ತ ಹೊರಬರುತ್ತಿತ್ತು. ಆ ತಿರುಗುವಿಕೆಯೇ ಅದರ ಗತಿಗೆ ಸ್ಥಿರತೆಯನ್ನು ಕೊಟ್ಟಿತು.

ಇಲ್ಲಿಯೇ ನಮ್ಮ ಇತಿಹಾಸ ಆ ನಳಿಗೆಯೊಳಕ್ಕೆ ಪ್ರವೇಶಿಸುತ್ತದೆ. 0.009 ಅಂಗುಲದ ಎಡೆಯನ್ನು ತುಂಬುತ್ತಿದ್ದುದು ಕಾಡತೂಸಿನ ಕಾಗದ. ಆ ಕಾಗದ ಸುಲಭವಾಗಿ ಜಾರಲೆಂದು, ಹಿಂದಿನ ಈಡುಗಳ ಕಿಟ್ಟ ಮೆದುವಾಗಲೆಂದು ಅದಕ್ಕೆ ಜಿಡ್ಡು ಸವರುತ್ತಿದ್ದರು. ಸೈನಿಕನು ಕಾಡತೂಸಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ಸುರಿದು, ಕಾಗದ ಸಹಿತವಾಗಿಯೇ ಗುಂಡನ್ನು ಒಳಗೆ ನೂಕಬೇಕಾಗಿತ್ತು. 1857ರ ಜನವರಿಯಲ್ಲಿ ಡಂ ಡಂ ಠಾಣ್ಯದಲ್ಲಿ ಹಸು ಹಂದಿಗಳ ಕೊಬ್ಬಿನ ಸುದ್ದಿ ಹಬ್ಬಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಸಿಡಿದೆದ್ದನು. ಮೇ 10ರಂದು ಮೀರತ್ ಹೊತ್ತಿಕೊಂಡಿತು. ಆ ಮಹಾಸಂಗ್ರಾಮಕ್ಕೆ ಕಾರಣಗಳು ಹಲವಾರು. ಜಿಡ್ಡೊಂದೇ ಕಾರಣವೆನ್ನುವುದು ಅವಿವೇಕ. ಆದರೆ ಜಿಡ್ಡು ಏಕೆ ಬೇಕಾಯಿತೆಂದು ಕೇಳಿದರೆ, ನಿಖರತೆಗಾಗಿ ಎಂಬ ಉತ್ತರವನ್ನು ನಳಿಗೆಯೇ ಕೊಡುತ್ತದೆ. ಮುಂದೆ ಗುಂಡಿನ ವ್ಯಾಸವನ್ನು 0.55 ಅಂಗುಲಕ್ಕೆ ಇಳಿಸಿ ಈಡು ತುಂಬುವುದನ್ನು ಸುಲಭಗೊಳಿಸಲಾಯಿತು.

ಭಾರತದಲ್ಲಿ ಈ ಅಸಮಾಧಾನ ಕುದಿಯುತ್ತಿದ್ದ 1857ರ ಏಪ್ರಿಲಿನಲ್ಲಿಯೇ ಇಂಗ್ಲೆಂಡಿನ ಹೈತ್ ಎಂಬಲ್ಲಿ ಎನ್‌ಫೀಲ್ಡ್ ಮತ್ತು ವಿಟ್‌ವರ್ತ್ ರೈಫಲುಗಳ ತುಲನಾತ್ಮಕ ಪರೀಕ್ಷೆ ನಡೆಯಿತು. 500 ಗಜಗಳಲ್ಲಿ ಎನ್‌ಫೀಲ್ಡಿನ ಸರಾಸರಿ ವಿಚಲನ 2.24 ಅಡಿ, ವಿಟ್‌ವರ್ತಿನದು 0.37 ಅಡಿ. 1100 ಗಜಗಳಲ್ಲಿ ಕ್ರಮವಾಗಿ 8.04 ಮತ್ತು 2.62 ಅಡಿ. ಆದರೂ ಸೇನೆ ವಿಟ್‌ವರ್ತನ್ನು ಸ್ವೀಕರಿಸಲಿಲ್ಲ: ಅದರ ಬೆಲೆ ಬಹಳ ಹೆಚ್ಚು, ಕಿರಿದಾದ ಷಟ್ಕೋನ ನಳಿಗೆಯಲ್ಲಿ ಕಿಟ್ಟ ಬೇಗ ಕಟ್ಟುತ್ತಿತ್ತು. ಪರೀಕ್ಷೆಯಲ್ಲಿ ಗೆದ್ದುದೇ ಯುದ್ಧಕ್ಕೆ ಯೋಗ್ಯವೆಂಬ ನಿಯಮವಿಲ್ಲ.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. 1857ರ ಅನುಭವದ ಬಳಿಕ ಆಳರಸರು ಭಾರತೀಯ ಸೈನಿಕರ ಕೈಗೆ ರೈಫಲನ್ನು ಕೊಡಲು ಅಂಜಿದರು. 1858ರ ಮಾದರಿಯೆಂಬ ಹೊಸ ಕೋವಿ ಹುಟ್ಟಿತು. ಹೊರನೋಟಕ್ಕೆ ಅದು ಎನ್‌ಫೀಲ್ಡೇ; ಒಳಗೆ ಸುರುಳಿಗೆರೆಗಳನ್ನು ಕೊರೆದು ತೆಗೆದು ವ್ಯಾಸವನ್ನು ಸುಮಾರು 0.65 ಅಂಗುಲಕ್ಕೆ ಹಿಗ್ಗಿಸಲಾಗಿತ್ತು. ದೂರಕ್ಕೆ ತಕ್ಕಂತೆ ಏರಿಸಬಹುದಾದ ಏಣಿಯಂಥ ನೋಟಪಟ್ಟಿಯ ಸ್ಥಾನದಲ್ಲಿ ಕದಲದ ತುಂಡೊಂದು ಕುಳಿತಿತು. ಕೊರೆದು ತೆಳುವಾದ ನಳಿಗೆ ದುರ್ಬಲವೆಂದು ತಿಳಿದ ಮೇಲೆ 1859ರ ಮಾದರಿಯಲ್ಲಿ ನಳಿಗೆಯ ಗೋಡೆಯನ್ನು ದಪ್ಪಗೊಳಿಸಿದರು. ಗೆರೆಗಳನ್ನು ಮಾತ್ರ ಮರಳಿ ಕೊಡಲಿಲ್ಲ. ಭಾರತೀಯ ಸೈನಿಕನ ಆಯುಧ ಒಂದು ಹೆಜ್ಜೆ ಹಿಂದಿರಬೇಕೆಂಬ ನೀತಿ ಮುಂದೆಯೂ ನಡೆಯಿತು. 1880ರ ಜುಲೈ 27ರ ಮೈವಂದ್ ಕದನದಲ್ಲಿ ಬ್ರಿಟಿಷ್ ತುಕಡಿಯ ಕೈಯಲ್ಲಿ ಮಾರ್ಟಿನಿ-ಹೆನ್ರಿ ಇದ್ದರೆ, ಭಾರತೀಯ ತುಕಡಿಗಳ ಕೈಯಲ್ಲಿದ್ದುದು ಅದಕ್ಕಿಂತ ಹಳೆಯದಾದ ಸ್ನೈಡರ್.

ಇದೇ ಅಂಜಿಕೆ ಸೈನಿಕರಿಗಷ್ಟೇ ಸೀಮಿತವಾಗಿರಲಿಲ್ಲ. 1857ರ ಶಸ್ತ್ರಕಾಯಿದೆಯನ್ನು ಪ್ರತಿಭಟಿಸಿ ಆ ವರ್ಷದ ನವೆಂಬರಿನಲ್ಲಿ ನಮ್ಮ ಹಲಗಲಿಯ ಬೇಡರು ಹೋರಾಡಿ ಮಡಿದ ವೃತ್ತಾಂತ ಕನ್ನಡಿಗರಿಗೆ ಲಾವಣಿಗಳ ಮೂಲಕ ಪರಿಚಿತ. ಪ್ರಜೆಯ ಕೈಯಿಂದ ಆಯುಧವನ್ನೇ ಕಸಿದರು. ಸೈನಿಕನ ಆಯುಧದಿಂದ ಗುರಿಯನ್ನು ಕಸಿದರು. ಎರಡೂ ಒಂದೇ ನೀತಿಯ ಎರಡು ಮುಖಗಳೆಂಬುದು ನಮ್ಮ ಅಭಿಪ್ರಾಯ.

ಈಗ ಪರೀಕ್ಷೆಗೆ ಮರಳೋಣ. ಇಂದು ಸಿಗುವ ಹಳೆಯ ಕೋವಿಯೊಂದನ್ನು ‘ಎನ್‌ಫೀಲ್ಡ್’ ಎಂದು ಕರೆದು, ಗುಂಡು ಹಾರಿಸಿ, ಗುಂಡುಗಳು ಚದರಿದುದನ್ನು ಕಂಡು, 1853ರ ರೈಫಲಿನ ಖ್ಯಾತಿ ಪೊಳ್ಳೆಂದು ತೀರ್ಮಾನಿಸಿದರೆ ಅದು ಅಪಚಾರ. ಪರೀಕ್ಷೆಗೆ ಒಳಗಾದದ್ದು 1858ರ ಮಾದರಿಯೂ ಆಗಿರಬಹುದು. 2003ರಲ್ಲಿ ಅಮೆರಿಕೆಯ ವರ್ತಕರು ಕಠ್ಮಂಡುವಿನ ಹಳೆಯ ಶಸ್ತ್ರಾಗಾರದಿಂದ ಸಹಸ್ರಾರು ಕೋವಿಗಳನ್ನು ಕೊಂಡೊಯ್ದರು. ಅವುಗಳಲ್ಲಿ ಇಂಗ್ಲೆಂಡಿನವೂ ಇದ್ದವು, ನೇಪಾಳದಲ್ಲಿಯೇ ತಯಾರಾದ ಅನುಕೃತಿಗಳೂ ಇದ್ದವು. ಆದುದರಿಂದ ಮೊದಲು ನಳಿಗೆಯ ಒಳವ್ಯಾಸವನ್ನು ಬಾಯಿಯಲ್ಲಿಯೂ ಬುಡದಲ್ಲಿಯೂ ಅಳೆಯಬೇಕು. ಗೆರೆಗಳಿವೆಯೇ, ಸವೆದಿವೆಯೇ, ಕೊರೆದು ತೆಗೆದ ಕುರುಹಿದೆಯೇ ಎಂದು ನೋಡಬೇಕು. ನೋಟಪಟ್ಟಿಯನ್ನೂ ಮುದ್ರೆಗಳನ್ನೂ ಗುರುತಿಸಬೇಕು. ಗುಂಡು ಹಾರಿಸುವುದು ಇವೆಲ್ಲ ಮುಗಿದ ಮೇಲಿನ ಮಾತು. ಅಪೂರ್ವ ಸಂಗ್ರಹದ ಕೋವಿಯಾದರೆ ಅದನ್ನು ಹಾರಿಸಲೇಬಾರದು. ಅಳತೆಗಳೇ ಸಾಕಷ್ಟು ಹೇಳುತ್ತವೆ.

ಇದು ಕೇವಲ ಕೋವಿಪ್ರಿಯರ ಚರ್ಚೆಯಲ್ಲ. ಗೆರೆ ಕಳೆದ ನಳಿಗೆಯನ್ನು ಹಿಡಿದು ನಿಂತ ಭಾರತೀಯ ಸೈನಿಕನ ಗುಂಡು ಗುರಿತಪ್ಪಿದರೆ, ಕೈ ಸಾಲದೆಂಬ ಅಪವಾದ ಸುಲಭವಾಗಿ ಅವನ ತಲೆಯ ಮೇಲೆ ಬೀಳುತ್ತದೆ. ಆದರೆ ಆ ಗುರಿ ತಪ್ಪಿದ್ದು ರಣಭೂಮಿಯಲ್ಲಲ್ಲ. ಸಾವಿರಾರು ಮೈಲಿ ದೂರದ ಕಾರ್ಖಾನೆಯ ಕೊರೆಯುವ ಯಂತ್ರದ ಮೇಲೆ. ಮನುಷ್ಯನ ದೋಷವನ್ನೂ ಆಯುಧದ ದೋಷವನ್ನೂ ಬೇರ್ಪಡಿಸುವುದೇ ಗುರಿಪರೀಕ್ಷೆಯ ಮೂಲತತ್ತ್ವವೆಂದು ಮೊದಲೇ ಹೇಳಿದೆವು. ಅದೇ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದ ಯುದ್ಧವೃತ್ತಾಂತಗಳಿಗೆ ಅನ್ವಯಿಸಿ, ಯಾವ ಪಡೆಯ ಕೈಯಲ್ಲಿ ಯಾವ ನಳಿಗೆಯಿತ್ತೆಂದು ವಿಚಾರಿಸಿದ ಬಳಿಕವೇ ಅದರ ಯೋಗ್ಯತೆಯನ್ನು ನಿರ್ಣಯಿಸುವುದು ನ್ಯಾಯ. ನಮ್ಮ ಪ್ರಾಂತಗಳ ಸಂಗ್ರಹಾಲಯಗಳಲ್ಲಿರುವ ಹಳೆಯ ಕೋವಿಗಳನ್ನು ಈ ದೃಷ್ಟಿಯಿಂದ ಅಳೆದು ಪಟ್ಟಿಮಾಡುವ ಕಾರ್ಯವನ್ನು ತರುಣ ಸಂಶೋಧಕರು ಕೈಗೊಳ್ಳುವರೆಂದು ಆಶಿಸುತ್ತೇವೆ.