ನರಗುಂದದ ಖಂಡಣಿಯೂ ಗಜೇಂದ್ರಗಡದ ಒಪ್ಪಂದವೂ

ಸಲ್ಲಿಸಿದ ಕರವು ಹಿಂದಿರುಗಿ ಬಂದರೆ ಅದು ಯಾರ ಧನ? ಪ್ರಭುವು ಒಬ್ಬನೇ ಆಗಿರುವಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭವಾಗಿದೆ. ಒಂದೇ ಭೂಮಿಯ ಹುಟ್ಟುವಳಿಯ ಮೇಲೆ ಇಬ್ಬರು ಪ್ರಭುಗಳ ಲೆಕ್ಕಗಳು ನಡೆಯುತ್ತಿರುವಲ್ಲಿ ಮಾತ್ರ ತೊಡಕುಂಟಾಗುತ್ತದೆ. ಈಗ ಗದಗ ಜಿಲ್ಲೆಗೆ ಸೇರಿರುವ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ 1778ರಿಂದ 1787ರ ವರೆಗೆ ನಡೆದ ಸಂಗತಿಗಳು ಇದಕ್ಕೆ ಒಳ್ಳೆಯ ನಿದರ್ಶನವಾಗಿವೆ. ಇವುಗಳನ್ನು ಮುತ್ತಿಗೆಯ ಕಥೆಯೆಂದು ಹೇಳುವುದು ರೂಢಿ. ವಿಚಾರಿಸಿ ನೋಡಿದರೆ ಇದು ಮೊದಲು ಲೆಕ್ಕದ ವ್ಯಾಜ್ಯವಾಗಿದ್ದು, ಆಮೇಲೆ ಖಡ್ಗದ ವ್ಯಾಜ್ಯವಾಯಿತೆಂಬುದು ವಿದಿತವಾಗುತ್ತದೆ.

ಇಲ್ಲಿ ಮೂರು ಶಬ್ದಗಳ ಅರ್ಥವನ್ನು ಬೇರೆಬೇರೆಯಾಗಿ ತಿಳಿಯಬೇಕು. ಬರತಕ್ಕ ಕರವನ್ನು ಬಿಟ್ಟುಕೊಡುವುದು ಪರಿಹಾರ. ಒಂದೆಡೆ ಕೊಟ್ಟುದನ್ನು ಮತ್ತೊಂದೆಡೆಯ ಲೆಕ್ಕದಲ್ಲಿ ಕಳೆದುಕೊಳ್ಳುವುದು ವಜಾ. ವಸೂಲಾದುದನ್ನು ಹಿಂದಕ್ಕೆ ಕೊಡುವುದು ಪರತು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಪರಿಹಾರದ ವಿಚಾರವು ಬಂದಿದೆ. ಕೋಶವನ್ನು ಬೆಳೆಸುವಂತಹ ಪರಿಹಾರಗಳನ್ನೇ ಅರಸನು ಕೊಡಬೇಕು, ಕುಂದಿಸುವುವನ್ನು ಬಿಡಬೇಕು. ಪರಿಹಾರದ ಅವಧಿ ತೀರಿದವರನ್ನು ತಂದೆಯಂತೆ ಕಾಣಬೇಕು ಎಂಬುದು ಅಲ್ಲಿಯ ಮತ. ಆದುದರಿಂದ ಪರಿಹಾರವು ಕೇವಲ ದಯೆಯಲ್ಲ, ಲೆಕ್ಕದ ಒಂದು ಅಂಗ.

ಈ ಸೀಮೆಯಲ್ಲಿ ಇಂತಹ ವ್ಯವಸ್ಥೆ ಹಳೆಯದು. ಸೂಡಿಯ ಶಾಸನಗಳಲ್ಲೊಂದು ಹನ್ನೊಂದನೆಯ ಶತಮಾನದ ನಡುವೆ ಹುಟ್ಟಿದುದು. ಕಿಸುಕಾಡು 70, ತೊರಗರೆ 60, ಮಾಸವಾಡಿ 140 ಇವುಗಳನ್ನು ಚಾಲುಕ್ಯರ ಅಕ್ಕಾದೇವಿಯು ಆಳುತ್ತಿದ್ದಾಗ, ಚೋಳರ ದಾಳಿಯಿಂದ ಕೆಟ್ಟಿದ್ದ ಊರಿನ ಮರ್ಯಾದೆಯನ್ನು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಪುನಃ ಕಟ್ಟಿಕೊಟ್ಟುದು ಅದರಿಂದ ತಿಳಿಯುತ್ತದೆ. ಯುದ್ಧವು ಮುಗಿದ ಮೇಲೆ ಪ್ರಭುವು ಹೊಸ ಹೊರೆಯನ್ನು ಹೊರಿಸದೆ ಪೂರ್ವಮರ್ಯಾದೆಯನ್ನು ನಿಲ್ಲಿಸಿದುದು ಗಮನಿಸತಕ್ಕ ವಿಷಯ. ಈ ಪೂರ್ವಮರ್ಯಾದೆಯೆಂಬ ತತ್ತ್ವವೇ ಏಳು ಶತಮಾನಗಳ ತರುವಾಯ ನರಗುಂದದಲ್ಲಿ ವಾದದ ವಿಷಯವಾಯಿತು.

1778ರಲ್ಲಿ ಹೈದರ ಅಲಿಯು ಕೃಷ್ಣೆಯ ದಕ್ಷಿಣದ ಪ್ರಾಂತವನ್ನು ಆಕ್ರಮಿಸಿದಾಗ ನರಗುಂದದ ಭಾವೆ ಮನೆತನದವರು ಖಂಡಣಿಯನ್ನು ಒಪ್ಪಿ ತಮ್ಮ ಸಂಸ್ಥಾನವನ್ನು ಉಳಿಸಿಕೊಂಡರು. ಅತ್ತ ಹೈದರನೂ ಆ ಪ್ರಾಂತಕ್ಕಾಗಿ ಪುಣೆಯ ಪೇಶವೆಯರಿಗೆ ಖಂಡಣಿಯನ್ನು ಕೊಡಬೇಕಾದವನೇ. ಹೀಗೆ ನರಗುಂದದ ಹೊಲದಲ್ಲಿ ಬೆಳೆದ ಜೋಳದ ಮೇಲೆ ಮೂರು ಮೆಟ್ಟಿಲುಗಳ ಲೆಕ್ಕವೇರ್ಪಟ್ಟಿತು: ರೈತನಿಂದ ಭಾವೆಯರಿಗೆ, ಭಾವೆಯರಿಂದ ಶ್ರೀರಂಗಪಟ್ಟಣಕ್ಕೆ, ಶ್ರೀರಂಗಪಟ್ಟಣದಿಂದ ಪುಣೆಗೆ.

1784ರಲ್ಲಿ ಟೀಪೂ ಸುಲ್ತಾನನು ನರಗುಂದದ ವೆಂಕಟರಾವ ಭಾವೆಯಿಂದ ಹೆಚ್ಚಿನ ಖಂಡಣಿಯನ್ನು ಕೇಳಿದನು. ವೆಂಕಟರಾವನು ಪುಣೆಯ ಆಶ್ರಯವನ್ನು ಗುಪ್ತವಾಗಿ ಬಯಸಿದನು. ಆಗ ನಾನಾ ಫಡಣವೀಸನು ಹೂಡಿದ ವಾದವು ಗ್ರಾಂಟ್ ಡಫ್ಫನ 1826ರ ಮರಾಠರ ಇತಿಹಾಸದಲ್ಲಿ ನಿರೂಪಿತವಾಗಿದೆ. ಪ್ರಾಂತವು ಒಬ್ಬ ಪ್ರಭುವಿನಿಂದ ಮತ್ತೊಬ್ಬನಿಗೆ ಹೋದಾಗ ಜಹಗೀರದಾರರು ರೂಢಿಯ ಖಂಡಣಿಗಿಂತ ಹೆಚ್ಚನ್ನು ಕೊಡಬೇಕಾದುದಿಲ್ಲ; ದ್ರೋಹವೆಸಗದ ಸಂಸ್ಥಾನಿಕರ ಹಕ್ಕುಗಳು ಯಾವಾಗಲೂ ರಕ್ಷಿತವಾಗಿವೆ ಎಂದು ಆತನ ಪಕ್ಷ. ತನ್ನ ಪ್ರಜೆಗಳಿಂದ ತನಗೆ ಬೇಕಾದುದನ್ನು ಎತ್ತುವ ಅಧಿಕಾರ ತನಗುಂಟೆಂದು ಟೀಪೂವಿನ ಪಕ್ಷ.

ಎರಡು ಪಕ್ಷಗಳಲ್ಲಿಯೂ ಬಲವಿದೆ, ದೋಷವೂ ಇದೆ. ಅಧೀನನಾದ ಸಂಸ್ಥಾನಿಕನು ಪರಪ್ರಭುವಿನೊಡನೆ ಗುಪ್ತವ್ಯವಹಾರವನ್ನು ನಡೆಯಿಸಿದರೆ ಸುಲ್ತಾನನು ಸುಮ್ಮನಿರುವುದು ಕಷ್ಟ. ಆದರೆ ಪುಣೆಗೆ ಸಲ್ಲತಕ್ಕ ಖಂಡಣಿಯನ್ನು ತಾನು ಬಾಕಿಯಿಟ್ಟುಕೊಂಡು, ನರಗುಂದದಿಂದ ಹೆಚ್ಚನ್ನು ಕೇಳಿದುದು ಲೆಕ್ಕದ ನ್ಯಾಯಕ್ಕೆ ಹೊಂದುವುದಿಲ್ಲ. ಮೇಲಣ ಹೊರೆ ಇಳಿದಿರಲು ಕೆಳಗಣ ಹೊರೆ ಏರುವುದೇಕೆ? ಇತ್ತ ನಾನಾನ ವಾದವಾದರೂ ಭಾವೆಯರ ಖಂಡಣಿಯನ್ನು ಕುರಿತುದೇ ಹೊರತು ರೈತರ ಜಮೆಯನ್ನು ಕುರಿತುದಲ್ಲ.

ವಾದದಿಂದ ಫಲವಾಗಲಿಲ್ಲ. 1785ರಲ್ಲಿ ಮೈಸೂರಿನ ಸೈನ್ಯವು ನರಗುಂದವನ್ನು ಮುತ್ತಿತು. ಎರಡು ವರ್ಷಗಳ ಖಂಡಣಿಯನ್ನು ಪುಣೆಗೆ ಕೊಡುವ ಮಾತು ಸುಲ್ತಾನನ ಕಡೆಯಿಂದ ಬಂದುದೂ ಉಂಟು. ಕಡೆಗೆ ಆ ವರ್ಷವೇ ಕೋಟೆ ಬಿದ್ದಿತು. ವೆಂಕಟರಾವನೂ ಆತನ ಕಾರಭಾರಿ ಕಾಳೋಪಂತ ಪೇಠೆಯೂ ಸೆರೆಯಾದರು. ಮರುವರ್ಷ ಮರಾಠರೂ ನಿಜಾಮನೂ ಕೂಡಿ ಬಾದಾಮಿಯನ್ನು ಹಿಡಿದರು; ಬಳಿಕ ಗಜೇಂದ್ರಗಡವೂ ಮರಾಠರ ವಶವಾಯಿತು.

1787ರ ಏಪ್ರಿಲಿನಲ್ಲಿ ಆದ ಸಂಧಿಗೆ ಗಜೇಂದ್ರಗಡದ ಒಪ್ಪಂದವೆಂದೇ ಹೆಸರು. ಗ್ರಾಂಟ್ ಡಫ್ಫನ ಪ್ರಕಾರ ಟೀಪೂವು 45 ಲಕ್ಷ ರೂಪಾಯಿಗಳನ್ನು ಒಪ್ಪಿ, 30 ಲಕ್ಷವನ್ನು ಕೂಡಲೇ ಕೊಟ್ಟನು. ಉಳಿದ 15 ಲಕ್ಷಕ್ಕೆ ಒಂದು ವರ್ಷದ ಗಡುವು. ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರಿಗೆ ಬಂದುವು. ಆದವಾನಿಯು ನಿಜಾಮನಿಗೆ ಹಿಂದಿರುಗಿತು. ಇಲ್ಲಿ ಸೂಕ್ಷ್ಮವೊಂದುಂಟು. ಆ 45 ಲಕ್ಷವು ಸುಲ್ತಾನನಿಂದ ಪುಣೆಗೆ ಸಲ್ಲತಕ್ಕ ಧನವೇ ಹೊರತು, ನರಗುಂದಕ್ಕೆ ಬಂದ ಪರತಲ್ಲ. ಜಗಳವು ಹುಟ್ಟಿದುದು ನರಗುಂದದ ಹೆಚ್ಚಳದಿಂದ. ಹಣವು ಹೋಗಿ ಸೇರಿದುದು ಪೇಶವೆಯ ಬೊಕ್ಕಸಕ್ಕೆ. ಲೆಕ್ಕದಲ್ಲಿ ಯಾರ ಹೆಸರಿತ್ತೋ ಅವರಿಗೆ ಧನವು ಮರಳಿತು. ಯಾರ ಹೊಲದ ಮೇಲೆ ಎರಡು ಸೈನ್ಯಗಳು ನಡೆದುವೋ ಅವರ ಹೆಸರು ಲೆಕ್ಕದಲ್ಲಿಯೇ ಇರಲಿಲ್ಲ.

ಇತ್ತೀಚಿನ ರಾಜ್ಯವ್ಯವಸ್ಥೆಗಳು ಈ ಪ್ರಶ್ನೆಯನ್ನು ನಿಯಮದಿಂದ ಬಿಡಿಸಿವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೈಕಿ ಹೆಚ್ಚಿನವುಗಳಲ್ಲಿ ಪ್ರಜೆಯು ರಾಜ್ಯಕ್ಕೂ ಕೇಂದ್ರಕ್ಕೂ ಆದಾಯಕರವನ್ನು ಕೊಡುತ್ತಾನೆ. ರಾಜ್ಯಕ್ಕೆ ಕೊಟ್ಟುದನ್ನು ಕೇಂದ್ರದ ಲೆಕ್ಕದಲ್ಲಿ ಬಾಬುವಾರಾಗಿ ವಜಾ ಹಿಡಿದವನಿಗೆ ರಾಜ್ಯದಿಂದ ಪರತು ಬಂದರೆ, ಆ ವಜಾದಿಂದ ಲಾಭವಾದಷ್ಟು ಮಟ್ಟಿಗೆ ಅದು ಬಂದ ವರ್ಷದ ಆದಾಯವೆನಿಸುತ್ತದೆ. ವಜಾ ಹಿಡಿಯದವನಿಗಾದರೋ ಮರಳಿದುದು ಅವನ ಧನವೇ. ಅದರ ಮೇಲೆ ಮತ್ತೆ ಕರವಿಲ್ಲ. ಭಾರತದ 1961ರ ಆದಾಯಕರದ ಕಾಯಿದೆಯ 41(1)ನೆಯ ಕಲಮು ವ್ಯಾಪಾರದ ವಿಷಯದಲ್ಲಿ ಇದೇ ನ್ಯಾಯವನ್ನು ಹೇಳಿತು: ಹಿಂದೆ ಖರ್ಚೆಂದು ಕಳೆದುಕೊಂಡುದು ಮುಂದೆ ಕೈಗೆ ಬಂದರೆ ಅದು ಆಗಿನ ಲಾಭ.

ಈ ನಿಯಮದ ಬೆಳಕಿನಲ್ಲಿ ನರಗುಂದದ ವ್ಯಾಜ್ಯವನ್ನು ನೋಡಿದರೆ ಅದರ ತಿರುಳು ಸ್ಪಷ್ಟವಾಗುತ್ತದೆ. ಕೊಟ್ಟವನಾರು, ವಜಾ ಹಿಡಿದವನಾರು, ಅದರಿಂದ ಲಾಭ ಹೊಂದಿದವನಾರು ಎಂಬ ಮೂರನ್ನೂ ಕೇಳಿದ ಮೇಲೆಯೇ ಮರಳಿದ ಧನವು ಯಾರದೆಂದು ಹೇಳಬಹುದು. ಅಕ್ಕಾದೇವಿಯ ಕಾಲದ ಸೂಡಿಯಲ್ಲಿ ಒಕ್ಕಲುಗಳ ಎಣಿಕೆಯಾದರೂ ಕಲ್ಲಿನ ಮೇಲೆ ನಿಂತಿತು. ಗಜೇಂದ್ರಗಡದಲ್ಲಿ ಅರಸರಿಬ್ಬರ ಬಾಕಿ ಮಾತ್ರ ತೀರಿತು. ಒಕ್ಕಲಿನ ಬಾಕಿ ಹಾಗೆಯೇ ಉಳಿಯಿತು.